ಹಳೇ ಟ್ರ್ಯಾಕ್ಟರಿಗೆ ಅದರದೇ ಬಣ್ಣ: ಕಂಪನಿ ಡಬ್ಬಿಯೋ, ಶೇಡ್ ಕಾರ್ಡೋ, ಮಷೀನೋ, ಪೇಂಟರ್ ಕಣ್ಣೋ?

ಪುಣೆಯಲ್ಲಿ ನೌಕರಿ, ಊರು ಜತ್ತೋ ಅಥಣಿಯೋ ಇಂಡಿಯೋ, ಊರ ಮನೆ ಹಿಂದೆ ಅಜ್ಜನ ಕಾಲದ ಟ್ರ್ಯಾಕ್ಟರ್ ಒಂದು ತುಕ್ಕು ಹಿಡಿದು ನಿಂತಿದೆ. ಅದನ್ನು ಲಾರಿಯಲ್ಲಿ ಹೇರಿಕೊಂಡು ಬಂದು ಭೋಸರಿ ಕಡೆಯೋ ಹಡಪಸರ ಕಡೆಯೋ ಒಂದು ವರ್ಕ್‌ಶಾಪಿನಲ್ಲಿ ಬಿಟ್ಟು ಮತ್ತೆ ಹೊಸದು ಮಾಡಿಸುವ ಹುಚ್ಚು ನಮ್ಮವರಲ್ಲಿ ಕೆಲವರಿಗಿದೆ. ಇಂಜಿನ್‌ಗೆ ಮೆಕ್ಯಾನಿಕ್ ಸಿಗುತ್ತಾರೆ. ಬಿಡಿಭಾಗಕ್ಕೆ ನಾನಾ ಪೇಠೆ ಸುತ್ತಬಹುದು. ತಲೆ ಕೆಡುವುದು ಬಣ್ಣದ ಹತ್ತಿರ ಬಂದಾಗ. "ಮ್ಯಾಸಿ ಕೆಂಪು ಕೊಡಿ" ಅಂದರೆ ಅಂಗಡಿಯವರು ನಾಲ್ಕು ಥರದ ಕೆಂಪು ತೆಗೆದು ಮುಂದಿಡುತ್ತಾರೆ. ನಾಲ್ಕೂ ಸರಿ ಅನ್ನಿಸುತ್ತವೆ, ನಾಲ್ಕೂ ತಪ್ಪಾಗಿರಬಹುದು.

ಬಣ್ಣ ಹೊಂದಿಸಲು ಇರುವ ದಾರಿ ಮುಖ್ಯವಾಗಿ ನಾಲ್ಕು. ಕಂಪನಿಯ ಹೆಸರಿನ ಡಬ್ಬಿ ತರುವುದು, ಶೇಡ್ ಕಾರ್ಡಿನ (ನಂಬರ್ ಹಾಕಿದ ಬಣ್ಣಗಳ ಪಟ್ಟಿ) ನಂಬರ್ ಹಿಡಿದು ಮಾಡಿಸುವುದು, ಮಿಕ್ಸಿಂಗ್ ಅಂಗಡಿಯ ಮಷೀನಿನಲ್ಲಿ ಸ್ಕ್ಯಾನ್ ಮಾಡಿಸುವುದು, ಇಲ್ಲವೇ ಹಳೇ ಪೇಂಟರ್ ಒಬ್ಬರ ಕಣ್ಣಳತೆಗೆ ಬಿಡುವುದು. ಇದರಲ್ಲಿ ಯಾವುದು ಬೆಸ್ಟ್ ಅಂತ ಜನ ಜಗಳ ಆಡುವುದನ್ನು ನೋಡಿದ್ದೇನೆ. ನನ್ನ ಪ್ರಕಾರ ಅದು ಎರಡನೇ ಮಾತು. ನಿಮ್ಮ ಟ್ರ್ಯಾಕ್ಟರಿನ ಮೇಲೆ ಎಲ್ಲೋ ಒಂದು ಕಡೆ ಫ್ಯಾಕ್ಟರಿ ಹೊಡೆದ ಬಣ್ಣ ಬಿಸಿಲು ಕಾಣದೆ ಉಳಿದಿರುತ್ತೆ. ಅದನ್ನು ಹುಡುಕಿ ತೆಗೆದರೆ ಉಳಿದ ಯಾವ ದಾರಿ ಹಿಡಿದರೂ ಹತ್ತಿರ ಬರುತ್ತೀರಿ. ಅದಿಲ್ಲದೆ ಎಷ್ಟೇ ದುಬಾರಿ ಮಷೀನ್ ಇಟ್ಟರೂ ಅದು ಮಾಸಿದ ಬಣ್ಣವನ್ನೇ ಕರಾರುವಾಕ್ಕಾಗಿ ನಕಲು ಮಾಡಿ ಕೊಡುತ್ತೆ, ಅಷ್ಟೇ.

ಯಾವ ವರ್ಷದ ಒರಿಜಿನಲ್?

ಸ್ಯಾಂಪಲ್‌ಗೆ ಮೊದಲು ಮಾಡೆಲ್ ಮತ್ತು ವರ್ಷ ಖಚಿತ ಮಾಡಿಕೊಳ್ಳಿ. ಕಂಪನಿಗಳು ಬಣ್ಣ ಬದಲಿಸುತ್ತಲೇ ಬಂದಿವೆ. ಫರ್ಗ್ಯೂಸನ್ ಟಿಇ20 ಟ್ರ್ಯಾಕ್ಟರ್ 1946ರಿಂದ 1956ರವರೆಗೆ ಬಂತು, ಅಡಿಯಿಂದ ಮುಡಿವರೆಗೆ ಬೂದು ಬಣ್ಣ. ಅದರ ಹಿಂದೆಯೇ ಬಂದ ಎಫ್ಇ35ಕ್ಕೆ ಹೊರಮೈಯ ತಗಡು ಬೂದು, ಇಂಜಿನ್ ಮತ್ತು ಗೇರ್‌ಬಾಕ್ಸ್ ತಾಮ್ರದ ಬಣ್ಣ. 1957ರ ಕೊನೆಗೆ ಅದೇ ಗಾಡಿ ಮ್ಯಾಸಿ ಫರ್ಗ್ಯೂಸನ್ 35 ಆಗಿ ಕೆಂಪು ತಗಡು, ಬೂದು ಇಂಜಿನ್ ಹೊತ್ತು ಬಂತು. ಆಮೇಲೆ 135 ಬಂದಾಗ ಇಂಜಿನ್ನಿನ ಬೂದು ಇನ್ನೂ ಕಡುವಾಯ್ತು. ಹಾಗಾಗಿ "ಮ್ಯಾಸಿ ಗ್ರೇ" ಅಂತ ಒಂದೇ ಒಂದು ಬಣ್ಣ ಇಲ್ಲ. ಫೋರ್ಡ್‌ಸನ್ ಕಥೆಯೂ ಹಾಗೇ. 1952ರ ನ್ಯೂ ಮೇಜರ್‌ಗೆ ನೀಲಿ ಮೈ, ಕಿತ್ತಳೆ ಚಕ್ರ. 1963ರ ಸೂಪರ್ ಮೇಜರ್ ಹೊತ್ತಿಗೆ ಚಕ್ರ ಮತ್ತು ಮಡ್‌ಗಾರ್ಡ್ ಬೂದು. ನೀಲಿ ಗಾಡಿ ಕಂಡ ತಕ್ಷಣ ಚಕ್ರಕ್ಕೆ ಕಿತ್ತಳೆ ಹೊಡೆಸಬೇಡಿ.

ಮುಂಬೈ ಕಡೆಯವರಿಗೆ ಹತ್ತಿರದ ಗಾಡಿ ಅಂದರೆ ಬಿ-275. ಇದು ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮಾಡೆಲ್. 1963ರಲ್ಲಿ ಮಹೀಂದ್ರ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಸೇರಿ ಕಟ್ಟಿದ ಕಂಪನಿ ಇದನ್ನು ಕಾಂದಿವಲಿಯಲ್ಲಿ ಮಾಡಿತು. ಇಲ್ಲಿ ಒಂದು ಸೂಕ್ಷ್ಮ ಇದೆ. ಇಂಗ್ಲೆಂಡಿನಲ್ಲಿ ಸಿಗುವ "ಬಿ-275 ಕೆಂಪು" ಡಬ್ಬಿ ಅಲ್ಲಿನ ಗಾಡಿಯ ಬಣ್ಣ. ಕಾಂದಿವಲಿಯಲ್ಲಿ ಹೊಡೆದದ್ದು ಇಲ್ಲಿ ತಯಾರಾದ ಪೇಂಟ್ ಆಗಿದ್ದರೆ ಎರಡೂ ಕೂದಲೆಳೆ ಬೇರೆ ಇರಬಹುದು. ನಿಮ್ಮದು ಕಾಂದಿವಲಿ ಗಾಡಿಯಾದರೆ ಅದರ ಮೈಮೇಲಿನ ಚೂರು ಬಣ್ಣವೇ ಸಾಕ್ಷಿ, ಬೇರೆ ದೇಶದ ಚಾರ್ಟ್ ಅಲ್ಲ.

ಸ್ಯಾಂಪಲ್ ಎಲ್ಲಿ ಸಿಗುತ್ತೆ

ಬಾನೆಟ್ ಮೇಲೆ ಹುಡುಕಬೇಡಿ. ಅಲ್ಲಿರುವುದು ಬಿಸಿಲಿಗೆ ಸತ್ತ ಬಣ್ಣ, ಅಥವಾ ಎಂಬತ್ತರ ದಶಕದಲ್ಲಿ ಯಾರೋ ಬ್ರಷ್‌ನಲ್ಲಿ ಬಳಿದ ಎನಾಮಲ್. ಡೀಸೆಲ್ ಟ್ಯಾಂಕ್ ಬಿಗಿದಿರುವ ಪಟ್ಟಿಯ ಅಡಿ ನೋಡಿ. ಮೀಟರ್ ಪ್ಯಾನೆಲ್ ಹಿಂದೆ, ಟೂಲ್ ಬಾಕ್ಸ್ ಕೂತ ಜಾಗ, ಹೆಡ್‌ಲೈಟ್ ಬ್ರ್ಯಾಕೆಟ್ ಕೆಳಗೆ, ಮಡ್‌ಗಾರ್ಡ್ ಆಕ್ಸಲ್‌ಗೆ ಬೋಲ್ಟ್ ಆಗುವ ಕಡೆ, ಸೀಟಿನ ಬುಡ, ಇವೆಲ್ಲ ಒಳ್ಳೆ ಜಾಗ. ಬ್ಯಾಟರಿ ಟ್ರೇ ಬಿಡಿ, ಆಸಿಡ್ ತಿಂದಿರುತ್ತೆ. ನಂಬರ್ ಪ್ಲೇಟ್ ಅಲ್ಲ, ಕಂಪನಿಯ ಸೀರಿಯಲ್ ಪ್ಲೇಟ್ ಇರುತ್ತಲ್ಲ, ಅದರ ಅಡಿ ಬಣ್ಣ ತುಂಬಾ ಚೆನ್ನಾಗಿ ಉಳಿದಿರುತ್ತೆ ಅನ್ನುವುದು ನಿಜ. ಆದರೆ ರಿವಿಟ್ ಕಿತ್ತು ಆ ಪ್ಲೇಟ್ ಎಬ್ಬಿಸಿದರೆ ನಾಳೆ ಗಾಡಿ ಮಾರುವಾಗ ಕೊಳ್ಳುವವರಿಗೆ ಅನುಮಾನ ಬರುತ್ತೆ. ಬೇರೆ ಕಡೆ ಸಿಗಲಿಲ್ಲ ಅಂದರೆ ಮಾತ್ರ ಅದಕ್ಕೆ ಕೈ ಹಾಕಿ, ಮುಟ್ಟುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ.

ಜಾಗ ಸಿಕ್ಕ ಮೇಲೆ ಸೀಮೆಎಣ್ಣೆ ಬಟ್ಟೆಯಿಂದ ಗ್ರೀಸ್ ಒರೆಸಿ, ಸೋಪು ನೀರಲ್ಲಿ ತೊಳೆದು, 600 ನಂಬರ್ ವಾಟರ್ ಪೇಪರನ್ನು ನೀರಲ್ಲಿ ನೆನೆಸಿ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಮೆತ್ತಗೆ ಗುಂಡಗೆ ಉಜ್ಜಿ. ಮರ ಕೊಯ್ದಾಗ ಕಾಣುವ ಉಂಗುರಗಳ ಹಾಗೆ ಪದರಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಹೊರಗಿನ ಉಂಗುರ ಇತ್ತೀಚಿನದು, ನಡುವಿನದು ಹಳೆಯದು, ಎಲ್ಲಕ್ಕಿಂತ ಒಳಗೆ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಹಚ್ಚುವ ಅಡಿಪದರ, ಅದರೊಳಗೆ ಕಬ್ಬಿಣ. ರೆಡ್ ಆಕ್ಸೈಡ್ ಪ್ರೈಮರನ್ನೇ "ಆಹಾ, ಒರಿಜಿನಲ್ ಕೆಂಪು" ಅಂದುಕೊಳ್ಳುವವರಿದ್ದಾರೆ. ಪ್ರೈಮರ್ ಮಂಕಾಗಿ, ಇಟ್ಟಿಗೆ ಬಣ್ಣಕ್ಕೆ ಇರುತ್ತೆ. ಪಾಲಿಶ್ ಹಚ್ಚಿದರೂ ಹೊಳಪು ಬರಲ್ಲ. ಅದರ ಮೇಲಿನ ಮೊದಲ ಹೊಳಪಿನ ಪದರ ನಿಮಗೆ ಬೇಕಾದದ್ದು. ಒಂದೇ ಕಡೆ ನೋಡಿ ಬಿಡಬೇಡಿ, ಎರಡು ಮೂರು ಜಾಗದಲ್ಲಿ ಅದೇ ಬಣ್ಣ ಅದೇ ಕ್ರಮದಲ್ಲಿ ಬಂದರೆ ಮಾತ್ರ ನಂಬಿ. ಮಡ್‌ಗಾರ್ಡ್ ಬೇರೆ ಗಾಡಿಯದ್ದಾಗಿರಬಹುದು, ಹಳ್ಳಿಗಳಲ್ಲಿ ಇಂಥ ಅದಲು ಬದಲು ಏನೂ ಹೊಸದಲ್ಲ.

ಬಿಳಿ, ಕೆನೆ, ತಿಳಿ ಬೂದು ಇದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಹಳೇ ಎನಾಮಲ್ ಪೇಂಟಿನಲ್ಲಿ ಎಣ್ಣೆ ಇರುತ್ತಿತ್ತು. ಇಂಥ ಪೇಂಟ್ ಕತ್ತಲಲ್ಲಿ ಹಳದಿ ತಿರುಗುತ್ತೆ. ಅಂದರೆ ಟ್ಯಾಂಕ್ ಪಟ್ಟಿಯ ಅಡಿ ಅಷ್ಟು ವರ್ಷ ಮುಚ್ಚಿದ್ದ ಬೂದು ನಿಜವಾದ ಬೂದಿಗಿಂತ ಒಂಚೂರು ಕೆನೆ ಕಡೆಗೆ ಕಾಣುತ್ತೆ. ಆ ಭಾಗವನ್ನು ಬಿಚ್ಚಿ ಟೆರೇಸ್ ಮೇಲೆ ಕೆಲವು ದಿನ ಬಿಸಿಲಿಗಿಟ್ಟರೆ ಆ ಹಳದಿ ಬಹಳಷ್ಟು ಇಳಿಯುತ್ತೆ. ಇದು ಮಷೀನಿಗೂ ಗೊತ್ತಿರಲ್ಲ, ಎಷ್ಟೋ ಪೇಂಟರ್‌ಗಳಿಗೂ ಗೊತ್ತಿರಲ್ಲ. ಕೆಂಪಿನ ಸಮಸ್ಯೆ ತಿರುಗುಮುರುಗು. ಅದನ್ನು ಬಿಸಿಲು ಕೆಡಿಸುತ್ತೆ, ಕತ್ತಲು ಕಾಪಾಡುತ್ತೆ.

ಉಜ್ಜುವಾಗ ಒಂದು ಮಾತು. ಆ ಕಾಲದ ಹಳದಿ, ಕಿತ್ತಳೆ, ಎಷ್ಟೋ ಸಲ ಕೆಂಪು ಬಣ್ಣದಲ್ಲೂ ಸೀಸ ಇರುತ್ತಿತ್ತು. ಮನೆ ಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್ 1ಕ್ಕೆ. ಒಣ ಡಿಸ್ಕ್ ಹಾಕಿ ಗ್ರೈಂಡ್ ಮಾಡಿ ಸೊಸೈಟಿ ತುಂಬಾ ಧೂಳು ಎಬ್ಬಿಸಬೇಡಿ. ನೀರು ಹಾಕಿ ಉಜ್ಜಿ, ಒಳ್ಳೆ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ.

ಕಂಪನಿ ಡಬ್ಬಿ

ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ ಕಂಪನಿ ಹೆಸರಿನ ಪೇಂಟ್ ಸಿಕ್ಕರೆ ಅದಕ್ಕಿಂತ ಸುಲಭ ಇನ್ನೊಂದಿಲ್ಲ. ಆದರೆ ಅದು ಇವತ್ತು ಶೋರೂಮಿನಲ್ಲಿ ನಿಂತಿರುವ ಗಾಡಿಯ ಬಣ್ಣ, ಅರವತ್ತರ ದಶಕದ್ದಲ್ಲ. ಹೊಲದಲ್ಲಿ ಇನ್ನೂ ದುಡಿಯುವ, ಟ್ರೈಲರ್ ಎಳೆಯುವ ಗಾಡಿಗೆ ಇದು ಸಾಕು. ನಾಳೆ ಮಡ್‌ಗಾರ್ಡ್ ಗೀಚಿದರೆ ಮತ್ತೆ ಅದೇ ಡಬ್ಬಿ ತಂದು ಹಚ್ಚಬಹುದು, ಅದೇ ದೊಡ್ಡ ಲಾಭ. ಹೊರದೇಶದಲ್ಲಿ ಹಳೇ ಮಾಡೆಲ್‌ಗೆಂದೇ ಪೇಂಟ್ ಮಾರುವವರಿದ್ದಾರೆ. ಆದರೆ ಪೇಂಟ್ ಬೆಂಕಿ ಹತ್ತುವ ಸಾಮಾನು, ವಿಮಾನದಲ್ಲಿ ಸುಲಭಕ್ಕೆ ಬರಲ್ಲ. ಆ ತಾಪತ್ರಯಕ್ಕೆ ಬೀಳಬೇಡಿ ಅಂತ ನನ್ನ ಸಲಹೆ.

ಶೇಡ್ ಕಾರ್ಡ್

ನಮ್ಮಲ್ಲಿ ಎರಡು ಕಾರ್ಡ್ ಓಡುತ್ತವೆ. ಒಂದು ಭಾರತೀಯ ಮಾನಕ ಐಎಸ್ 5, ಅದರಲ್ಲಿ ನೂರರ ಆಸುಪಾಸು ಬಣ್ಣ. 536 ಫೈರ್ ರೆಡ್, 537 ಸಿಗ್ನಲ್ ರೆಡ್, 538 ಪೋಸ್ಟ್ ಆಫೀಸ್ ರೆಡ್, 631 ಲೈಟ್ ಗ್ರೇ, 632 ಡಾರ್ಕ್ ಅಡ್ಮಿರಾಲ್ಟಿ ಗ್ರೇ, ಹೀಗೆ. ಇನ್ನೊಂದು ಜರ್ಮನಿಯ ರಾಲ್, 1927ರಲ್ಲಿ ನಲವತ್ತು ಬಣ್ಣದಿಂದ ಶುರುವಾದದ್ದು ಈಗ ಇನ್ನೂರು ದಾಟಿದೆ. ನಾಲ್ಕು ಅಂಕಿಯ ನಂಬರ್, 3ರಿಂದ ಶುರುವಾದರೆ ಕೆಂಪು, 5 ನೀಲಿ, 7 ಬೂದು. ಕಾರ್ಡಿನ ಒಳ್ಳೆ ಗುಣ ಅಂದರೆ ನಂಬರ್ ಹೇಳಿದರೆ ಪುಣೆಯಲ್ಲೂ ಅದೇ, ಮಡಗಾಂವ್‌ನಲ್ಲೂ ಅದೇ, ಹತ್ತು ವರ್ಷ ಬಿಟ್ಟೂ ಅದೇ. ಕೆಟ್ಟ ಗುಣ ಅಂದರೆ ಟ್ರ್ಯಾಕ್ಟರ್ ಕಂಪನಿ ಆ ಕಾರ್ಡ್ ನೋಡಿ ಬಣ್ಣ ಮಾಡಿರಲಿಲ್ಲ. ಸಿಗುವುದು ಹತ್ತಿರದ ಬಣ್ಣ, ಅದೇ ಬಣ್ಣ ಅಲ್ಲ. ನೆಟ್‌ನಲ್ಲಿ ಒಂದೇ ಗಾಡಿಗೆ ಒಬ್ಬರು ಒಂದು ನಂಬರ್, ಇನ್ನೊಬ್ಬರು ಇನ್ನೊಂದು ನಂಬರ್ ಕೊಡುವುದು ಇದಕ್ಕೇ. ಚಕ್ರ, ಬ್ರ್ಯಾಕೆಟ್, ಡ್ರಾಬಾರ್ ಥರದ್ದಕ್ಕೆ ಕಾರ್ಡ್ ನಂಬರ್ ಧಾರಾಳ ಸಾಕು. ಬಾನೆಟ್‌ಗೆ ನಾನು ಒಪ್ಪಲ್ಲ.

ಮಷೀನ್ ಮತ್ತು ಕಣ್ಣು

ಕಾರಿನ ಪೇಂಟ್ ಮಿಕ್ಸ್ ಮಾಡುವ ದೊಡ್ಡ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರೋಫೋಟೋಮೀಟರ್ ಇರುತ್ತೆ. ಸ್ಯಾಂಪಲ್ ಮೇಲೆ ಒತ್ತಿದರೆ ಬೆಳಕು ಬಿಟ್ಟು, ವಾಪಸ್ ಬಂದದ್ದನ್ನು ಅಳೆದು, ಕಂಪ್ಯೂಟರ್‌ನಲ್ಲಿರುವ ಫಾರ್ಮುಲಾಗಳಲ್ಲಿ ಹತ್ತಿರದ್ದನ್ನು ತೋರಿಸುತ್ತೆ. ಹೋಗುವಾಗ ಫೋಟೋ ಅಲ್ಲ, ಭಾಗವನ್ನೇ ಬಿಚ್ಚಿ ತೆಗೆದುಕೊಂಡು ಹೋಗಿ. ಫೋನ್ ಕ್ಯಾಮೆರಾ ತನ್ನಿಷ್ಟಕ್ಕೆ ಬಣ್ಣ ತಿದ್ದುತ್ತೆ, ಅದನ್ನು ನಂಬಿ ಪೇಂಟ್ ಮಾಡಿಸುವುದು ಸುಮ್ನೆ ದುಡ್ಡು ದಂಡ. ಜಾಗ ಸಪಾಟಾಗಿರಬೇಕು, ಅಳೆಯುವ ಕಣ್ಣು ಪೂರ್ತಿ ಮುಚ್ಚುವಷ್ಟು ಅಗಲ ಇರಬೇಕು, ರಬ್ಬಿಂಗ್ ಕಾಂಪೌಂಡ್ ಹಾಕಿ ಹೊಳಪು ತಂದಿರಬೇಕು. ಮಂಕು ಮೇಲ್ಮೈಯನ್ನು ಅಳೆದರೆ ಮಷೀನ್ ಅದನ್ನು ನಿಜಕ್ಕಿಂತ ತಿಳಿ ಬಣ್ಣ ಅಂತ ಓದುತ್ತೆ. ಎರಡು ಮೂರು ಕಡೆ ಅಳೆಯಿರಿ ಅಂತ ಕೇಳಿ. ಗಡಿಬಿಡಿಯಲ್ಲಿದ್ದರೆ ಒಂದೇ ಸಲ ಒತ್ತಿ ಕಳಿಸಿಬಿಡುತ್ತಾರೆ.

ಪೇಂಟರ್ ಕಣ್ಣಿನ ಲೆಕ್ಕವೇ ಬೇರೆ. ಪಿಂಪ್ರಿ ಕಡೆ ನಾನು ನೋಡಿದ ಒಬ್ಬ ಕಾಕಾ, ವಿಜಯಪುರ ಕಡೆಯವರು, ಕೆಂಪನ್ನು ಮೊದಲು "ಇದು ಹಳದಿ ಮಗ್ಗಲಿಂದೋ, ನೀಲಿ ಮಗ್ಗಲಿಂದೋ" ಅಂತಲೇ ನೋಡುತ್ತಾರೆ. ಮಗ್ಗಲು ಗೊತ್ತಾದ ಮೇಲೆ ಒಂದು ಮಗ್‌ನಲ್ಲಿ ಬೇಸ್ ಹಾಕಿ, ಕಡ್ಡಿ ತುದಿಯಲ್ಲಿ ಕರಿ, ಇನ್ನೊಂದು ಕಡ್ಡಿಯಲ್ಲಿ ಕಿತ್ತಳೆ, ಹೀಗೆ ಹನಿ ಹನಿ ಬಿಟ್ಟು ಕಲಕಿ, ತಗಡಿನ ಚೂರಿನ ಮೇಲೆ ಎಳೆದು ನೋಡುತ್ತಾರೆ. "ಕಾಕಾ, ಕೂಡ್ತಲ್ಲ?" ಅಂದರೆ, "ತಡೀರಿ ಸರ, ಇನ್ನೂ ಹಸಿ ಐತಿ. ನಾಳೆ ಬಿಸಿಲಾಗ ನೋಡೂಣು." ಅದು ಸರಿಯಾದ ಮಾತು. ಎನಾಮಲ್ ಒಣಗಿದ ಮೇಲೆ ಒಂಚೂರು ಗಾಢ ಆಗುತ್ತೆ, ಹಸಿಯಲ್ಲಿ ಕೂಡಿದ್ದು ಮರುದಿನ ಕೂಡಲ್ಲ.

ಹಾಗಾದರೆ ಯಾವುದು? ಬೂದು ಬಣ್ಣಕ್ಕೆ ಕಣ್ಮುಚ್ಚಿ ಮಷೀನ್ ಅನ್ನುತ್ತೇನೆ. ಬೂದು ಅಂದರೆ ಕರಿ ಬಿಳಿ ಅಷ್ಟೇ ಅಂತ ಕಾಣುತ್ತೆ, ಆದರೆ ಅದರಲ್ಲಿ ಹಳದಿಯೋ ನೀಲಿಯೋ ಹಸಿರೋ ತೊಟ್ಟು ಇರುತ್ತೆ. ಆ ತೊಟ್ಟು ಹೆಚ್ಚು ಕಡಿಮೆ ಆದರೆ ಇಡೀ ಇಂಜಿನ್ ಹಸಿರಾಗಿಯೋ ನೇರಳೆಯಾಗಿಯೋ ಎದ್ದು ಕಾಣುತ್ತೆ. ಮಗ್‌ನಲ್ಲಿ ಹನಿ ಹಾಕಿ ಅದನ್ನು ಹಿಡಿಯುವುದು ಕಷ್ಟ. ಕೆಂಪು, ಕಿತ್ತಳೆಗೆ ಮಷೀನಿನ ಫಾರ್ಮುಲಾದಿಂದ ಶುರು ಮಾಡಿ, ಕೊನೆಯ ತಿದ್ದುಪಡಿ ಪೇಂಟರ್ ಕೈಗೆ ಕೊಡಿ. ಕಾರಣ ಇದೆ. ಹಳೇ ಕೆಂಪಿಗೆ ಬಣ್ಣ ಕೊಡುತ್ತಿದ್ದ ಪುಡಿ ಬೇರೆ, ಈಗಿನ ಪುಡಿ ಬೇರೆ. ಪುಡಿ ಬೇರೆ ಆದರೆ ಒಂದು ಬೆಳಕಿನಲ್ಲಿ ಎರಡೂ ಒಂದೇ ಥರ ಕಂಡು, ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆ ಆಗಿಬಿಡುತ್ತವೆ. ಪೇಂಟಿನವರು ಇದನ್ನು ಮೆಟಾಮೆರಿಸಂ ಅನ್ನುತ್ತಾರೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಪಕ್ಕಾ ಇದ್ದದ್ದು ಹೊರಗೆ ಬಂದ ತಕ್ಷಣ ಗುಲಾಬಿ ಕಡೆ ವಾಲುವುದು ಇದರಿಂದಲೇ. ಪೂರ್ತಿ ತಪ್ಪಿಸಲು ಆಗಲ್ಲ. ಟ್ರ್ಯಾಕ್ಟರ್ ಇರುವುದು ಬಯಲಲ್ಲಿ ಅಲ್ವಾ, ಹಗಲು ಬೆಳಕಿನಲ್ಲಿ ಕೂಡಿದರೆ ಸಾಕು, ಟ್ಯೂಬ್‌ಲೈಟಿನ ಚಿಂತೆ ಬಿಡಿ.

ತಗಡಿನ ಚೂರಿನ ಪರೀಕ್ಷೆ

ಇದನ್ನು ಬಿಟ್ಟವರೇ ಜಾಸ್ತಿ ಪರದಾಡುವುದು. ಪೂರ್ತಿ ಪೇಂಟ್ ಮಾಡಿಸುವ ಮುಂಚೆ ಕಾಲು ಲೀಟರ್ ಮಾತ್ರ ಮಾಡಿಸಿ. ಅಂಗೈ ಅಗಲದ ತಗಡಿಗೆ ಗಾಡಿಗೆ ಹಾಕುವ ಅದೇ ಪ್ರೈಮರ್, ಅದೇ ಗನ್, ಅಷ್ಟೇ ಕೋಟ್ ಹೊಡೆಸಿ. ಪ್ರೈಮರ್ ಯಾಕೆ ಮುಖ್ಯ ಅಂದರೆ ಸೀಸ ಇಲ್ಲದ ಈಗಿನ ಕೆಂಪು, ಹಳದಿಗಳು ಅಡಿಯ ಬಣ್ಣವನ್ನು ಅಷ್ಟು ಚೆನ್ನಾಗಿ ಮುಚ್ಚಲ್ಲ. ರೆಡ್ ಆಕ್ಸೈಡ್ ಮೇಲೆ ಬೀಳುವ ಕೆಂಪು, ಬೂದು ಪ್ರೈಮರ್ ಮೇಲೆ ಬೀಳುವ ಕೆಂಪು, ಬಿಳಿ ಮೇಲೆ ಬೀಳುವ ಕೆಂಪು, ಮೂರೂ ಬೇರೆ ಕಾಣುತ್ತವೆ. ತಗಡಿನ ಮೇಲೆ ಮೊದಲೇ ಮಾರ್ಕರ್‌ನಲ್ಲಿ ದಪ್ಪ ಕರಿ ಗೆರೆ ಎಳೆದಿಡಿ. ಎಷ್ಟನೇ ಕೋಟ್‌ಗೆ ಆ ಗೆರೆ ಮಾಯ ಆಯಿತೋ ಗಾಡಿಗೂ ಕಡಿಮೆ ಅಂದರೆ ಅಷ್ಟು ಕೋಟ್ ಬೇಕು.

ಒಣಗಿದ ಮೇಲೆ ಚೂರನ್ನು ಸ್ಯಾಂಪಲ್ ಭಾಗದ ಅಂಚಿಗೆ ಅಂಚು ತಾಗಿಸಿ ಹಿಡಿದು ನೋಡಿ, ನಡುವೆ ಜಾಗ ಬಿಡಬೇಡಿ. ಎಲ್ಲಿ ನಿಂತು ನೋಡುತ್ತೀರಿ ಅನ್ನುವುದು ದೊಡ್ಡ ವಿಷಯ. ನಮ್ಮ ಎಷ್ಟೋ ವರ್ಕ್‌ಶಾಪಿಗೆ ನೀಲಿ ತಾಡಪಾಲೇ ಸೂರು. ಅದರಡಿ ನಿಂತರೆ ಬೂದು ನೀಲಿಯಾಗುತ್ತೆ, ಕೆಂಪು ಕಂದುತ್ತೆ, ಬಿಳಿ ಅಂಗಿ ಕೂಡ ಉಜಾಲಾ ಜಾಸ್ತಿಯಾದಂತೆ ಕಾಣುತ್ತೆ. ಬೇವಿನ ಮರದಡಿಯೂ ಬೇಡ, ಎಲೆಯ ಹಸಿರು ಬೀಳುತ್ತೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ ತೆರೆದ ಆಕಾಶದಡಿ, ನೇರ ಬಿಸಿಲು ಬೀಳದ ಕಟ್ಟಡದ ನೆರಳಿನಲ್ಲಿ ನೋಡಿ. ಸಂಜೆ ಬಿಸಿಲಿನಲ್ಲಿ ಎಲ್ಲ ಕೆಂಪೂ ಚಂದ ಕಾಣುತ್ತೆ.

ಯಾವ ಪೇಂಟ್‌ನಲ್ಲಿ ಹೊಡೆಸುವುದು

ಬಣ್ಣ ಕೂಡಿದರೂ ಹೊಳಪು ಕೂಡದಿದ್ದರೆ ಒರಿಜಿನಲ್ ಅನ್ನಿಸಲ್ಲ. ಸಿಂಥೆಟಿಕ್ ಎನಾಮಲ್ ಅಗ್ಗ, ಹಳೇ ಗಾಡಿಯ ಮೆತ್ತನೆಯ ಹೊಳಪು ಇದರಲ್ಲೇ ಚೆನ್ನಾಗಿ ಬರುತ್ತೆ, ಚಿಕ್ಕ ಗೀಚನ್ನು ಬ್ರಷ್‌ನಲ್ಲೂ ಮುಚ್ಚಬಹುದು. ಆದರೆ ನಿಧಾನ ಒಣಗುತ್ತೆ, ಡೀಸೆಲ್ ಚೆಲ್ಲಿದ ಕಡೆ ಮೆತ್ತಗಾಗುತ್ತೆ, ಬಿಸಿಲಿಗೆ ಬೇಗ ಮಾಸುತ್ತೆ. ಎನ್‌ಸಿ (ನೈಟ್ರೋಸೆಲ್ಯುಲೋಸ್), ಅಂದರೆ ಹಳಬರು ಡ್ಯೂಕೋ ಅನ್ನುವುದು, ನಿಮಿಷಗಳಲ್ಲಿ ಒಣಗುತ್ತೆ. ಆದರೆ ಮುಂಬೈ, ಗೋವಾದ ತೇವದ ಗಾಳಿಯಲ್ಲಿ ಬೆಳ್ಳಗೆ ಮಬ್ಬು ಕಟ್ಟುತ್ತೆ. ಟ್ರ್ಯಾಕ್ಟರಿಗೆ ನಾನು ಹೇಳಲ್ಲ. ಹಾರ್ಡ್‌ನರ್ (ಗಟ್ಟಿ ಮಾಡುವ ದ್ರವ) ಬೆರೆಸುವ ಪಿಯು, ಅಂದರೆ ಪಾಲಿಯುರೆಥೇನ್ ಪೇಂಟ್, ಗಟ್ಟಿ, ಡೀಸೆಲ್‌ಗೂ ಬಿಸಿಲಿಗೂ ಜಗ್ಗಲ್ಲ. ಮೇಳಕ್ಕೆ, ರ್‍ಯಾಲಿಗೆ ಒಯ್ಯುವ ಗಾಡಿಗೆ ಇದೇ ಸರಿ. ಬಣ್ಣ, ಹೊಳಪು ಎರಡೂ ಒಂದರಲ್ಲೇ ಬರುವ ಒಂದೇ ಹಂತದ್ದು ಸಾಕು. ಮೇಲೆ ಬಣ್ಣವಿಲ್ಲದ ಹೊಳಪಿನ ಕ್ಲಿಯರ್ ಕೋಟ್ ಹೊಡೆದರೆ ಟ್ರ್ಯಾಕ್ಟರ್ ಹೋಗಿ ಕಾರ್ ಆಗಿಬಿಡುತ್ತೆ, ಬಣ್ಣವೂ ಗಾಢ ಕಾಣುತ್ತೆ. ಪಿಯು ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಇದೆ, ಶ್ವಾಸಕ್ಕೆ ಕೆಟ್ಟದ್ದು. ಕರವಸ್ತ್ರ ಕಟ್ಟಿಕೊಂಡು ಹೊಡೆಯುವ ಪೇಂಟರ್‌ಗೆ ಈ ಕೆಲಸ ಕೊಡಬೇಡಿ, ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಇರುವ ಬೂತ್‌ನಲ್ಲೇ ಮಾಡಿಸಿ. ಚಕ್ರದ ಡಿಸ್ಕ್‌ಗೆ ಪೌಡರ್ ಕೋಟಿಂಗ್ (ಒಣ ಪುಡಿ ಹಾಕಿ ಬೇಯಿಸುವ ಬಣ್ಣ) ಚೆನ್ನಾಗಿ ಕೂರುತ್ತೆ. 180 ಡಿಗ್ರಿ ಮೇಲೆ ಬೇಯಿಸುತ್ತಾರಾದ್ದರಿಂದ ಎಣ್ಣೆ ಕುಡಿದ ಎರಕದ ಭಾಗಕ್ಕೆ ಬೇಡ, ಒಳಗಿನ ಎಣ್ಣೆ ಗುಳ್ಳೆಯಾಗಿ ಹೊರಗೆ ಬರುತ್ತೆ.

ಹಳೇ ಕೆಂಪಿನ ಮೇಲೆ ಬೂದು ಅಥವಾ ಬಿಳಿ ಹೊಡೆಸುವುದಿದ್ದರೆ ಮೊದಲು ಎಪಾಕ್ಸಿ ಪ್ರೈಮರ್ ಹಾಕಿಸಿ. ಆ ಕಾಲದ ಕೆಲವು ಕೆಂಪು ಪುಡಿಗಳು ಥಿನ್ನರ್ ತಾಗಿದರೆ ಕರಗಿ ಮೇಲಕ್ಕೆ ಬರುತ್ತವೆ, ಬಿಳಿ ಗ್ರಿಲ್ ವಾರದಲ್ಲಿ ಗುಲಾಬಿಯಾಗುತ್ತೆ.

ಪುಣೆಯಲ್ಲಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಪೇಂಟಿಗೆ ಒಳ್ಳೆ ಕಾಲ. ಮುಂಬೈನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿ ಗನ್ ಹಿಡಿಯುವ ಯೋಚನೆ ಬಿಡಿ, ಬೇಕಾದರೆ ಆ ತಿಂಗಳುಗಳಲ್ಲಿ ಡೆಂಟಿಂಗ್, ಪುಟ್ಟಿ ಮುಗಿಸಿಕೊಳ್ಳಿ. ಆರ್‌ಸಿಯಲ್ಲಿ ಬರೆದಿರುವ ಬಣ್ಣವನ್ನೂ ಒಮ್ಮೆ ನೋಡಿಬಿಡಿ. ಯಾರೋ ನಡುವೆ ನೀಲಿ ಮಾಡಿಸಿ ಅದನ್ನೇ ಬರೆಸಿದ್ದರೆ ಮತ್ತೆ ಕೆಂಪು ಮಾಡುವ ಮುಂಚೆ ಆರ್‌ಟಿಒದಲ್ಲಿ ಕೇಳುವುದು ಒಳ್ಳೆಯದು. ಮಿಲಿಟರಿ ಆಲಿವ್ ಹಸಿರು ಮಾತ್ರ ಯಾವ ಕಾರಣಕ್ಕೂ ಬೇಡ, ಅದು ಸೇನೆಯ ಗಾಡಿಗಳಿಗಷ್ಟೇ.

35 ಎಚ್‌ಪಿ ಗಾಡಿಯ ತಗಡಿಗೆ ಸುಮಾರು ಎರಡು ಲೀಟರ್, ಇಂಜಿನ್ ಮತ್ತು ಚಾಸಿಗೆ ಅಷ್ಟೇ ಹಿಡಿಯುತ್ತೆ. ತಗಡಿನ ಪೇಂಟ್ ಅಷ್ಟನ್ನೂ ಒಂದೇ ಸಲ ಮಾಡಿಸಿ. ಎರಡು ಸಲ ಮಾಡಿಸಿದರೆ ಬಾನೆಟ್ ಒಂದು, ಮಡ್‌ಗಾರ್ಡ್ ಒಂದು ಆಗುತ್ತೆ. ಅರ್ಧ ಲೀಟರ್ ಜಾಸ್ತಿ ತೆಗೆದುಕೊಂಡು, ಹಾರ್ಡ್‌ನರ್ ಬೆರೆಸದೆ, ಗಾಳಿ ಹೋಗದಂತೆ ಮುಚ್ಚಿಡಿ. ಅಂಗಡಿಯವರಿಂದ ಫಾರ್ಮುಲಾದ ಚೀಟಿ ಕೇಳಿ ಪಡೆದು, ಒಪ್ಪಿಗೆಯಾದ ತಗಡಿನ ಚೂರಿನ ಹಿಂದೆ ಅಂಟಿಸಿ, ಚೂರನ್ನು ಹಳೇ ಪೇಪರ್‌ನಲ್ಲಿ ಸುತ್ತಿ ಬೀರುವಿನಲ್ಲಿಡಿ.